ಬಿಳಿ ನೂಲಿನ ಅಕ್ಷರಗಳು

ಸೂಜಿಯಕ್ಕನ ಅರ್ಜಿಗೆ ಉತ್ತರ ಬರುವುದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಬೋರ್ಡಣ್ಣ ಇನ್ನೂ ಕುರ್ಚಿಯಿಂದ ಎದ್ದಿರಲಿಲ್ಲ, ಸೂಜಿಯಕ್ಕ ಚೀಲವನ್ನು ಹೆಗಲಿಗೆ ಏರಿಸಿಕೊಂಡಿರಲಿಲ್ಲ. ಪರದೆಯ ಮೂಲೆಯಲ್ಲಿ ಲಕೋಟೆಯ ಸಣ್ಣ ಚಿತ್ರವೊಂದು ಮಿಣಕ್ಕೆಂದಿತು. ಅವನು ಒತ್ತಿದ. ತಮ್ಮ ಅರ್ಜಿಯನ್ನು ಗಮನವಿಟ್ಟು ಪರಿಶೀಲಿಸಲಾಗಿದೆ, ಈ ಹುದ್ದೆಗೆ ತಮ್ಮನ್ನು ಪರಿಗಣಿಸಲು ಸಾಧ್ಯವಾಗುತ್ತಿಲ್ಲ, ತಮ್ಮ ಮುಂದಿನ ಬದುಕು ಉಜ್ವಲವಾಗಲಿ ಎಂದು ಬರೆದಿತ್ತು. ಅವನು ಅದನ್ನು ಎರಡು ಸಲ ಓದಿದ. ಎರಡನೆಯ ಸಲ ಸ್ವಲ್ಪ ನಿಧಾನವಾಗಿ, ಹಾಗೆ ಓದಿದರೆ ಅರ್ಥ ಬದಲಾಗಬಹುದೇನೋ ಎಂಬಂತೆ.

"ನಾಲ್ಕು ನಿಮಿಷದಲ್ಲಿ ಗಮನವಿಟ್ಟು ನೋಡಿತಂತೆ," ಎಂದ. "ಆ ಅಂಚಿನ ಹೂವು ಬಿಡಿಸೋಕೇ ನಾನು ಎರಡು ದಿನ ತಗೊಂಡಿದ್ದೆ, ಅಕ್ಕ."

ಅವನು ಹಿಂದೆ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ರಸ್ತೆಯ ಆಚೆ ಬದಿಯಿಂದ, ಓಡುವ ಬಸ್ಸಿನಿಂದ, ಕನ್ನಡಕ ಮರೆತುಬಂದ ಮುದುಕರಿಗೂ ಕಾಣುವಂಥ ಅಕ್ಷರ ಅವನದು. ಬಣ್ಣದ ಬೋರ್ಡಿನ ಕಾಲ ಮುಗಿದ ಮೇಲೆ ಅದೇ ಅಂಗಡಿಯಲ್ಲಿ ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ ಇಟ್ಟುಕೊಂಡು ಕೂತಿದ್ದ. ಕುಂಚಗಳನ್ನು ಮಾತ್ರ ಎಸೆದಿರಲಿಲ್ಲ. ಡಬ್ಬಿಯೊಂದರಲ್ಲಿ ತಲೆಕೆಳಗಾಗಿ ನಿಂತಿರುತ್ತಿದ್ದವು. ಸೂಜಿಯಕ್ಕನ ಬಯೋಡಾಟಾಕ್ಕೆ ಅವನು ನಾಲ್ಕೂ ಕಡೆ ಕೆಂಪು ಹೂವಿನ ಬಳ್ಳಿ ಹಬ್ಬಿಸಿ, ಅವಳ ಹೆಸರನ್ನು ಕಮಾನಿನಂತೆ ಬಗ್ಗಿಸಿ, ಅದರ ಕೆಳಗೆ ದಾರ ಪೋಣಿಸಿದ ಸೂಜಿಯೊಂದನ್ನು ಮಲಗಿಸಿದ್ದ. ಅವಳಿಗೆ ಅದನ್ನು ನೋಡಿ ನಾಚಿಕೆಯಾಗಿತ್ತು. ಆದರೆ ಬೇಡವೆನ್ನಲು ಬಾಯಿ ಬಂದಿರಲಿಲ್ಲ.

ಊರಿನ ಆಸ್ಪತ್ರೆಗಳ, ವಸತಿಗೃಹಗಳ ಹಾಸು ಹೊದಿಕೆಯೆಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿಯಲ್ಲಿ ಅವಳು ಇಪ್ಪತ್ತಾರು ವರ್ಷ ರಫು ಹಾಕಿದವಳು. ತೊಳೆದ ಬಟ್ಟೆ ಹಬೆಯಾಡುತ್ತ ಒಂದು ಬಾಗಿಲಿನಿಂದ ಬಂದರೆ, ಹರಿದದ್ದು, ತೂತಾದದ್ದು ಪಕ್ಕದ ಉದ್ದನೆಯ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಒಂದೇ ಕಿಟಕಿ, ಒಂಬತ್ತು ಹೆಂಗಸರು. ಈಗ ಲಾಂಡ್ರಿ ಬೇರೆಯವರ ಕೈಗೆ ಹೋಗಿತ್ತು. ಹೊಸಬರಿಗೆ ರಫಿಗೆ ಮೂವರು ಸಾಕಂತೆ. ಹಳಬರೂ ಅರ್ಜಿ ಹಾಕಬಹುದು, ಆದರೆ ಎಲ್ಲರ ಹಾಗೆ ಕಂಪ್ಯೂಟರಿನಲ್ಲೇ ಹಾಕಬೇಕು. ಒಬ್ಬರಿಗೆ ಮೂರು ಸಲ ಅವಕಾಶ. ಮೊದಲು ಯಂತ್ರ ಓದುತ್ತದೆ, ಯಂತ್ರ ಒಪ್ಪಿದರೆ ಆಮೇಲೆ ಮನುಷ್ಯರು ಓದುತ್ತಾರೆ. ಕೆಲಸ ಸಿಗದವರು ತಿಂಗಳ ಕೊನೆಗೆ ಲಾಂಡ್ರಿಯ ಮನೆಗಳನ್ನು ಬಿಡಬೇಕು.

ಸೂಜಿಯಕ್ಕನಿಗೆ ಬೇರೆ ಕಡೆ ಹೋಗಿ ಬದುಕುವುದು ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಅತ್ತೆಯದು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅಂದಿನಿಂದ ಆ ಒಂದು ಕೋಣೆ, ಒಂದು ಅಡಿಗೆಮನೆಯಲ್ಲಿ ಇವರಿಬ್ಬರೇ. ಅತ್ತೆಗೆ ಕಣ್ಣಿನ ನರ ಒಣಗಿ ಎಂಟು ವರ್ಷದಿಂದ ಹಗಲೂ ಇಲ್ಲ ಇರುಳೂ ಇಲ್ಲ. ಮಂಚದಿಂದ ನಲ್ಲಿಗೆ ಹನ್ನೊಂದು ಹೆಜ್ಜೆ, ನಲ್ಲಿಯಿಂದ ಒಲೆಗೆ ನಾಲ್ಕು, ಬಾಗಿಲ ಬಲಗಡೆ ಗೋಡೆಯಲ್ಲಿ ಬೊಗಸೆಯಷ್ಟು ಅಗಲದ ಒಂದು ತಗ್ಗು. ಅದಕ್ಕೆ ಅಂಗೈ ಇಟ್ಟು ತಿರುಗಿದರೆ ಮೆಟ್ಟಿಲು. ಗೋಡೆಯ ಮೇಲೆ ಕೀಲಿ ಕೊಡುವ ಗಡಿಯಾರವೊಂದಿತ್ತು. ಅದರ ಟಿಕ್ ಟಿಕ್ ಎಡಗಿವಿಗೆ ಬಿದ್ದರೆ ಮುಖ ಬಾಗಿಲ ಕಡೆಗೆ, ಬಲಗಿವಿಗೆ ಬಿದ್ದರೆ ಮಂಚದ ಕಡೆಗೆ ಇದೆಯೆಂದು ಮುದುಕಿಗೆ ಗೊತ್ತಾಗುತ್ತಿತ್ತು. ಬೇರೆ ಮನೆಯೆಂದರೆ ಅವಳಿಗೆ ಮತ್ತೊಮ್ಮೆ ಕಣ್ಣು ಹೋದಂತೆ.

ಆ ಗಡಿಯಾರ ಅದೇ ರಫು ಕೋಣೆಯಲ್ಲಿ ದುಡಿದ ಅತ್ತೆ ನಿವೃತ್ತಳಾದಾಗ ಲಾಂಡ್ರಿಯವರು ಕೊಟ್ಟದ್ದು. ಹದಿನೇಳನೇ ನಂಬರಿನ ಉತ್ತಮ ಕೆಲಸಕ್ಕೆ ಎಂದು ಅದರ ಕೆಳಗೆ ತಗಡಿನ ಮೇಲೆ ಕೆತ್ತಿತ್ತು. ಹದಿನೇಳು ಲಾಂಡ್ರಿಯಲ್ಲಿ ಅತ್ತೆಯ ನಂಬರು, ಸೂಜಿಯಕ್ಕನದು ಮೂವತ್ತೊಂದು. ಆದರೂ ಮುದುಕಿ ದಿನಕ್ಕೊಮ್ಮೆಯಾದರೂ, "ನಿನ್ನ ಗಡಿಯಾರ ಎಷ್ಟು ತೋರಿಸ್ತಿದೆ ನೋಡೇ," ಎನ್ನುತ್ತಿದ್ದಳು. "ನಿಮ್ಮ ಗಡಿಯಾರ, ಅತ್ತೆ," ಎಂದು ಸೊಸೆ ತಿದ್ದುತ್ತಿದ್ದಳು. ವಯಸ್ಸಾದವರಿಗೆ ನನ್ನದು ನಿನ್ನದು ಕಲಸಿಹೋಗುತ್ತದೆ ಎಂದುಕೊಂಡು ಸುಮ್ಮನಾಗುತ್ತಿದ್ದಳು.

ಅಂದು ಮನೆಗೆ ಬಂದಾಗ ಅತ್ತೆ ಮಂಚದ ಅಂಚಿನಲ್ಲಿ ಕೂತು ಯಂತ್ರ ಏನೆಂದಿತು ಎಂದು ಕೇಳಿದಳು. ಸೊಸೆ ಹೇಳಿದಳು. ಹೂಬಳ್ಳಿಯ ವಿಷಯವನ್ನೂ, ಕಮಾನಿನ ಹೆಸರಿನ ವಿಷಯವನ್ನೂ ಹೇಳಿದಳು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ," ಎಂದು ಮುದುಕಿ ನಕ್ಕಳು. ನಕ್ಕು ಸ್ವಲ್ಪ ಹೊತ್ತಾದ ಮೇಲೆ ಎದ್ದು ಹನ್ನೊಂದು ಹೆಜ್ಜೆ ನಡೆದು ಒಂದು ಲೋಟ ನೀರು ತಂದು ಸೊಸೆಯ ಕೈಗೆ ಕೊಟ್ಟಳು. ಒಂದು ತೊಟ್ಟೂ ಚೆಲ್ಲಿರಲಿಲ್ಲ.

ಬೋರ್ಡಣ್ಣ ಸುಮ್ಮನಿರುವವನಲ್ಲ. ಎರಡು ದಿನ ಅವರಿವರನ್ನು ವಿಚಾರಿಸಿ ಬಂದು, ಯಂತ್ರಕ್ಕೆ ಚಿತ್ರ ಕಾಣುವುದಿಲ್ಲವಂತೆ, ಚೌಕಟ್ಟಿನೊಳಗೆ ಕೂರಿಸಿದ ಅಕ್ಷರವೂ ಕಾಣುವುದಿಲ್ಲವಂತೆ, ಬಗ್ಗಿಸಿದ ಹೆಸರಂತೂ ಅದಕ್ಕೆ ಹೆಸರೇ ಅಲ್ಲವಂತೆ ಎಂದು ವರದಿ ಕೊಟ್ಟ. ನಲವತ್ತು ವರ್ಷದ ತನ್ನ ವಿದ್ಯೆಯೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ನೊಂದುಕೊಂಡ. ಈ ಸಲ ಬಳ್ಳಿಯಿಲ್ಲ, ಸೂಜಿಯಿಲ್ಲ, ಬರೀ ಮಾತು. ಏನೇನು ಬರೆಯಲಿ ಹೇಳಿ ಎಂದಾಗ ಸೂಜಿಯಕ್ಕ ಹೆಸರು, ವಯಸ್ಸು, ಇಪ್ಪತ್ತಾರು ವರ್ಷ ರಫು ಕೆಲಸ, ರಾತ್ರಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದು, ಯಾರ ದೂರೂ ಇಲ್ಲ ಎಂದು ಹೇಳಿ ನಿಲ್ಲಿಸಿದಳು. ಐದು ಸಾಲಾಯಿತು. ಮತ್ತೇನಾದರೂ ಇದೆಯಾ ಎಂದು ಅವನು ಕಾದ. ಅವಳು ಇಲ್ಲವೆಂದಳು.

ಈ ಸಲ ಎರಡೇ ನಿಮಿಷ. ಯಂತ್ರ ಕೆಲಸ ಕಲಿಯುತ್ತಿದೆ ಎಂದು ಬೋರ್ಡಣ್ಣ ತಮಾಷೆ ಮಾಡಲು ನೋಡಿದ, ಆದರೆ ಅವನಿಗೇ ನಗು ಬರಲಿಲ್ಲ. "ನೀವು ಎಲೆಮರೆ ಕಾಯಿ ಅಕ್ಕ," ಎಂದ. "ಎಲೆಮರೇಲಿ ಇದ್ದ ಕಾಯಿ ಯಾರ ಕಣ್ಣಿಗೂ ಬೀಳಲ್ಲ. ಕೊನೆಗೆ ಅಲ್ಲೇ ಕೊಳೆತು ಉದುರುತ್ತೆ."

ಕಾಣಬಾರದೆಂಬುದೇ ಅವಳು ಕಲಿತ ಕೆಲಸ. ಹೊಸದಾಗಿ ಸೊಸೆಯಾಗಿ ಬಂದ ವರ್ಷ ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಹೇಳಿಕೊಟ್ಟದ್ದು ಅದನ್ನೇ: ಕಣ್ಣಿಗೆ ಕಂಡರೆ ಅದು ರಫು ಅಲ್ಲ, ಗಾಯದ ಕಲೆ. ಬಿಳಿ ಬಟ್ಟೆಗೆ ಬಿಳಿ ನೂಲು. ಆ ನೂಲೂ ಬೇರೆ ಕಡೆಯದಾಗಬಾರದು. ಅದೇ ಹೊದಿಕೆಯ ಅಂಚಿನ ಮಡಿಕೆಯೊಳಗಿಂದ ಎಳೆ ಬಿಡಿಸಿ ತೆಗೆದು, ನೇಯ್ಗೆಯ ಹಾಸಿನೆಳೆಗಳಲ್ಲಿ ಒಂದು ಮೇಲೆ ಒಂದು ಕೆಳಗೆ ನುಸುಳಿಸಿ, ತೂತು ತಾನೇ ಮುಚ್ಚಿಕೊಂಡಿತೇನೋ ಎಂಬಂತೆ ಮಾಡಬೇಕು. ಕೊನೆಗೆ ಮಡಿಕೆಯ ಒಳಬದಿಗೆ ತನ್ನ ನಂಬರನ್ನು ಬಿಳಿ ನೂಲಿನಲ್ಲೇ ಹೊಲಿಯಬೇಕು. ಬೆಳಕಿಗೆ ಹಿಡಿದರೆ ಮಾತ್ರ ಅದು ಕಾಣುತ್ತದೆ. ರೋಗಿಗೆ ತಾನು ಹರಿದ ಬಟ್ಟೆಯ ಮೇಲೆ ಮಲಗಿದ್ದೇನೆಂದು ಅನಿಸಬಾರದು, ಅಷ್ಟೇ.

ಕೆಲಸವಿಲ್ಲದ ಮಧ್ಯಾಹ್ನಗಳು ಅವಳಿಗೆ ಹೊಸವು. ಉಂಡು ಒರಗಿದರೆ ಗಡಿಯಾರದ ಸದ್ದು ದೂರ ದೂರ ಹೋಗಿ ನಿದ್ದೆ ಬರುತ್ತಿತ್ತು. ಆ ದಿನ ಕನಸಿನಲ್ಲಿ ಅವಳು ಲಾಂಡ್ರಿಯ ಹಿಂದಿನ ಒಣಹಾಕುವ ಬಯಲಿನಲ್ಲಿದ್ದಳು. ಹಗ್ಗಗಳಿಗೆ ಕೊನೆಯಿರಲಿಲ್ಲ. ಬಿಳಿ ಹೊದಿಕೆಗಳು ಉಸಿರಾಡುವ ಹಾಗೆ ಉಬ್ಬುತ್ತಿದ್ದವು, ಇಳಿಯುತ್ತಿದ್ದವು. ಒಂದೊಂದರ ಹಿಂದೆಯೂ ಯಾರೋ ಮಲಗಿದ್ದವರು ಆಗಷ್ಟೇ ಎದ್ದು ಹೋದಂತೆ ಬೆಚ್ಚಗಿತ್ತು. ಯಾರೋ ಬಯಲಿನ ಆ ತುದಿಯಿಂದ ಅವಳ ನಂಬರು ಕೇಳುತ್ತಿದ್ದರು. ಜೋರು ದನಿಯಲ್ಲ, ಮಗುವನ್ನು ಏಳಿಸುವಾಗಿನ ದನಿ. ಅವಳು ಹೇಳಲು ಬಾಯಿ ತೆರೆದರೆ ಬಾಯಿಗೆ ಬಟ್ಟೆಯ ಅಂಚು ಬಂದು ತಾಗುತ್ತಿತ್ತು. ಒಂದು ಅಂಚನ್ನು ಹಿಡಿದು ಸೂರ್ಯನ ಕಡೆ ಎತ್ತಿದಳು. ಹದಿನೇಳು ಎಂದಿತ್ತು. ಇನ್ನೊಂದನ್ನು ಎತ್ತಿದಳು. ಹದಿನೇಳು. ಬಯಲಿನ ತುಂಬ ಹದಿನೇಳೇ. ಹೊಲಿಗೆಯೆಲ್ಲ ತನ್ನದೇ ಎಂದು ಅವಳ ಬೆರಳಿಗೆ ಗೊತ್ತಿತ್ತು.

ಎಚ್ಚರವಾದಾಗ ಅತ್ತೆ ಅವಳ ತಲೆಯ ಹತ್ತಿರ ಕೂತಿದ್ದಳು. ನಿದ್ದೆಯಲ್ಲಿ ಏನೋ ಗೊಣಗುತ್ತಿದ್ದೆ ಎಂದಳು. ಸೊಸೆ ಮಾತು ಬದಲಿಸಲು ಯಂತ್ರಕ್ಕೆ ಚಿತ್ರ ಕಾಣದ ಸಂಗತಿ ಹೇಳಿದಳು.

"ಪಾಪ, ಅದಕ್ಕೂ ಕಣ್ಣಿಲ್ವಾ?" ಎಂದಳು ಮುದುಕಿ. "ಹಾಗಾದ್ರೆ ನನ್ನ ಹಾಗೆ ಮುಟ್ಟಿ ಮುಟ್ಟಿ ನೋಡುತ್ತೇನೋ."

"ಮಾತುಗಳನ್ನ ಮುಟ್ಟಿ ನೋಡುತ್ತಂತೆ, ಅತ್ತೆ. ಕೆಲಸದ ಜಾಹೀರಾತಲ್ಲಿ ಇರೋ ಮಾತು ನಮ್ಮ ಕಾಗದದಲ್ಲೂ ಇದೆಯಾ ಅಂತ."

ಮುದುಕಿ ಯೋಚಿಸಿದಳು. "ಕುರುಡರಿಗೆ ಕೈಗೆ ಏನಾದ್ರೂ ಸಿಗಬೇಕು ಕಣೇ. ನೀನು ಎಲ್ಲಾನೂ ನುಣ್ಣಗೆ ಮಾಡಿ ಕೊಟ್ಟರೆ ಅದು ಎಲ್ಲಿ ಅಂತ ತಡಕಾಡುತ್ತೆ?"

ಮೂರನೆಯ ಸಲಕ್ಕೆ ಬೋರ್ಡಣ್ಣನೇ ಒಂದು ಉಪಾಯ ಹುಡುಕಿ ತಂದಿದ್ದ. ಹೇಳುವಾಗ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿದ. ಕಾಗದದ ಕೆಳಗಿನ ಖಾಲಿ ಜಾಗದಲ್ಲಿ ಜಾಹೀರಾತಿನ ಮಾತುಗಳನ್ನೆಲ್ಲ ಬಿಳಿ ಬಣ್ಣದಲ್ಲಿ ಬರೆದುಬಿಡುವುದು. ಬಿಳಿ ಕಾಗದದ ಮೇಲೆ ಬಿಳಿ ಅಕ್ಷರ; ನೋಡುವ ಮನುಷ್ಯರಿಗೆ ಕಾಣುವುದಿಲ್ಲ, ಯಂತ್ರಕ್ಕೆ ಸಿಗುತ್ತದೆ. ಬಹಳ ಜನ ಹೀಗೆಯೇ ಮಾಡುತ್ತಾರಂತೆ. ಜನ್ಮವಿಡೀ ಕಾಣುವಂತೆ ಬರೆದವನು ಈಗ ಕಾಣದಂತೆ ಬರೆಯಬೇಕಾಯಿತಲ್ಲ ಎಂದು ತಲೆ ಕೆರೆದುಕೊಂಡ.

ಸೂಜಿಯಕ್ಕನಿಗೆ ಆ ಉಪಾಯ ವಿವರಿಸಬೇಕಾಗಲೇ ಇಲ್ಲ. ಬಿಳಿಯ ಮೇಲೆ ಬಿಳಿ ಎಂದ ಕೂಡಲೇ ಅವಳ ಬೆನ್ನು ನೆಟ್ಟಗಾಯಿತು. ಅವನು ಜಾಹೀರಾತನ್ನು ಎತ್ತಿ ಅಂಟಿಸಲು ಹೊರಟಾಗ ಮಾತ್ರ ಅವಳು ತಡೆದಳು.

"ಬೇರೆ ಬಟ್ಟೆಯ ನೂಲು ಹಾಕಬಾರದು, ಅಣ್ಣ. ತೊಳೆದಾಗ ಸುಕ್ಕು ಹಿಡಿಯುತ್ತೆ. ಒಂದೊಂದೇ ಮಾತು ಓದಿ. ನಾನು ಮಾಡಿದ್ದು ಇದ್ರೆ ಹೇಳ್ತೀನಿ, ಇಲ್ಲದಿದ್ರೆ ಬಿಟ್ಟುಬಿಡಿ."

ಅವನು ಓದಿದ. ಜವಳಿ ದುರಸ್ತಿ ಎಂದಿತ್ತು. ಅದು ರಫು ಎಂದು ಅವನು ವಿವರಿಸಿದ ಮೇಲೆ ಅವಳು ಹೇಳತೊಡಗಿದಳು: ಸಿಗರೇಟಿನ ತೂತು ದುಂಡಗಿರುತ್ತದೆ, ಅದರ ಸುಟ್ಟು ಕರಕಾದ ಅಂಚನ್ನು ಮೊದಲು ಕತ್ತರಿಸಿ ತೆಗೆಯಬೇಕು, ಗಾಲಿಮಂಚದ ಕೊಂಡಿಗೆ ಸಿಕ್ಕಿದ್ದು ಮೂರು ಮೂಲೆಯಾಗಿ ಹರಿಯುತ್ತದೆ, ಸಂಕಟಕ್ಕೆ ಹಿಡಿದು ಎಳೆದ ಹೊದಿಕೆ ಎರಡು ಕಡೆ ಮುಷ್ಟಿಯಗಲ ತೆಳುವಾಗಿರುತ್ತದೆ, ಅದು ಇನ್ನೂ ಹರಿದಿರುವುದಿಲ್ಲ, ಆದರೆ ಅದಕ್ಕೂ ಎಳೆ ಕೊಡಬೇಕು. ಗುಣಮಟ್ಟ ಪರಿಶೀಲನೆ ಎಂದಿತ್ತು. ಹಾಗೆಂದರೇನು ಎಂದು ಕೇಳಿ ತಿಳಿದುಕೊಂಡು, ಕಣ್ಣು ಮುಚ್ಚಿ ರಫಿನ ಮೇಲೆ ಕೆನ್ನೆ ಆಡಿಸಿ ನೋಡುತ್ತೇನೆ, ಕೆನ್ನೆಗೆ ಗೊತ್ತಾದರೆ ಬಿಚ್ಚಿ ಮತ್ತೆ ಹಾಕುತ್ತೇನೆ ಎಂದಳು. ಯಾಕೆಂದರೆ ದಿಂಬಿನ ಮೇಲೆ ಇಡುವುದು ಕೆನ್ನೆಯನ್ನೇ, ಕೈಯನ್ನಲ್ಲ. ತಂಡದೊಂದಿಗೆ ಕೆಲಸ ಎಂದಿತ್ತು. ಕಿಟಕಿ ಒಂದೇ ಇದ್ದದ್ದರಿಂದ ಒಂಬತ್ತು ಜನವೂ ದಿನಕ್ಕೊಂದು ಜಾಗದಂತೆ ಸರಿದು ಕೂರುತ್ತಿದ್ದೆವು, ಬಸುರಿಯಾದವಳನ್ನು ಮಾತ್ರ ಕಿಟಕಿಯಿಂದ ಏಳಿಸುತ್ತಿರಲಿಲ್ಲ ಎಂದಳು. ಒತ್ತಡದಲ್ಲಿ ಕೆಲಸ ಎಂದಿತ್ತು. ಜ್ವರದ ವರ್ಷ ಹೊದಿಕೆಗಳು ಬಂಡಿಗಟ್ಟಲೆ ಬಂದು ಬೀಳುತ್ತಿದ್ದಾಗ ಹನ್ನೊಂದು ದಿನ ಮನೆಗೆ ಹೋಗದೆ ಹೊಲಿದದ್ದನ್ನು ಹೇಳಿದಳು. ಆಗ ತಮ್ಮ ಮೂವರು ಜೊತೆಗಾರ್ತಿಯರು ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ ಹೊದಿಕೆಯೂ ತೊಳೆದು ತನ್ನ ಕೈಗೇ ಬಂದಿತ್ತು ಎಂದಳು. ಹೇಗೆ ಗೊತ್ತಾಯಿತು ಎಂದು ಬೋರ್ಡಣ್ಣ ಕೇಳಿದ. ಬಟ್ಟೆ ಹೇಳುತ್ತದೆ ಎಂದಳು.

ಬೋರ್ಡಣ್ಣ ಟೈಪು ಮಾಡುತ್ತಲೇ ಹೋದ. ಅವನು ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುತ್ತಿರಲಿಲ್ಲ. ಬಿಳಿ ಹಾಗೇ ಉಳಿಯುತ್ತಿತ್ತು, ಅದರ ಮೇಲೆ ಕರೀ ಗೆರೆಯೊಂದು ಮಾತ್ರ ಮಿನುಗುತ್ತ ಬಲಕ್ಕೆ ಸರಿಯುತ್ತಿತ್ತು, ಸೂಜಿಯ ಹಾಗೆ. ಅದನ್ನೇ ನೋಡುತ್ತ ಅವಳಿಗೆ ಜೊಂಪು ಹತ್ತಿದಂತಾಯಿತು. ಕಾಣದ ಮಾತು ಆಡುವುದು ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ. ಹೊರಗೆ ಬಿಸಿಲು ಇಳಿದು ಅರೆತೆರೆದ ಬಾಗಿಲಿನಿಂದ ಒಳಗೆ ಬಂದು ಕುಂಚದ ಡಬ್ಬಿಯವರೆಗೆ ಚಾಚಿತ್ತು.

ಜಾಹೀರಾತಿನ ಕೊನೆಯ ಮಾತು ಪ್ರಾಮಾಣಿಕತೆ ಎಂದಿತ್ತು.

ಅವಳು ಅರೆತೆರೆದ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಕೇಳಿದಳು, "ಇದನ್ನ ಯಾರೂ ಓದಲ್ಲ ತಾನೇ?"

"ಯಂತ್ರ ಒಂದೇ."

"ಹಾಗಾದ್ರೆ ಬರೀರಿ. ಆರು ವರ್ಷ ಹದಿನೇಳನೇ ನಂಬರಿನ ಕೆಲಸ ಮಾಡಿದ್ದು ನಾನು."

ಅವನ ಕೈ ನಿಂತಿತು. ಅವಳು ನಿಲ್ಲಲಿಲ್ಲ. ಅತ್ತೆಗೆ ಕಣ್ಣು ಮಂಜಾಗತೊಡಗಿದ ಮೇಲೂ ಆಕೆ ಯಾರಿಗೂ ಹೇಳದೆ ಬೆರಳಿನ ಲೆಕ್ಕದಲ್ಲೇ ಹೊಲಿಯುತ್ತಿದ್ದಳು. ಹೊಲಿಗೆ ಸೊಟ್ಟ ಬರುತ್ತಿತ್ತು, ಗಂಟು ಉಳಿಯುತ್ತಿತ್ತು. ಮಧ್ಯಾಹ್ನ ಅತ್ತೆ ಊಟದ ನಂತರ ಗೋಡೆಗೊರಗಿ ಕಣ್ಣು ಮುಚ್ಚುವ ಅರ್ಧ ಗಂಟೆಯಲ್ಲಿ ಸೊಸೆ ಆಕೆಯ ಬಟ್ಟೆಯ ಗಂಟನ್ನು ತನ್ನ ಮಡಿಲಿಗೆ ಎಳೆದುಕೊಂಡು ಎಲ್ಲವನ್ನೂ ಬಿಚ್ಚಿ ಮತ್ತೆ ರಫು ಹಾಕುತ್ತಿದ್ದಳು. ಅಂಚಿನ ನಂಬರು ಹದಿನೇಳೇ ಇರುತ್ತಿತ್ತು. ಉಳಿದ ಏಳು ಹೆಂಗಸರು ನೋಡಿಯೂ ನೋಡದಂತೆ ಇದ್ದರು. ಆರು ವರ್ಷ ಹೀಗೆ ನಡೆಯಿತು. ಆಕೆಯ ಕೆಲಸ ಹೋಗಬಾರದು ಎಂದಲ್ಲ, ಆಕೆಯ ಕೈ ಹೋಯಿತೆಂದು ಆಕೆಗೆ ಗೊತ್ತಾಗಬಾರದು ಎಂದು. ಇದು ಪ್ರಾಮಾಣಿಕತೆಯೋ ಅಲ್ಲವೋ ತನಗೆ ಗೊತ್ತಿಲ್ಲ. ಯಂತ್ರಕ್ಕೆ ಗೊತ್ತಿದ್ದರೆ ಅದೇ ಹೇಳಲಿ.

ಬೋರ್ಡಣ್ಣ ಅಷ್ಟನ್ನೂ ಬರೆದ. ಬರೆದು, ಮೇಲಿನ ಐದು ಸಾಲು ಕಪ್ಪಾಗಿ, ಕೆಳಗಿನದೆಲ್ಲ ಬೆಳ್ಳಗೆ ಇರುವುದನ್ನು ಅವಳಿಗೆ ತೋರಿಸಿ ಕಳಿಸಿದ. ಇಬ್ಬರೂ ಪರದೆಯ ಮುಂದೆ ಕೂತರು. ಎರಡು ನಿಮಿಷವಾಯಿತು, ನಾಲ್ಕಾಯಿತು, ಹತ್ತಾಯಿತು. ಲಕೋಟೆ ಬರಲಿಲ್ಲ.

ಲಕೋಟೆ ಬಂದದ್ದು ನಾಲ್ಕನೆಯ ದಿನ. ತಿಂಗಳು ಮುಗಿಯಲು ಐದು ದಿನ ಉಳಿದಿತ್ತು. ಗುರುವಾರ ಹನ್ನೊಂದು ಗಂಟೆಗೆ ಬರಬೇಕೆಂದಿತ್ತು. ಬೋರ್ಡಣ್ಣ ಅದನ್ನು ಅಚ್ಚು ಹಾಕಿ ಕೊಟ್ಟು, ಕಾಗದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಕರೆದದ್ದು ಹಳೆಯ ರಫು ಕೋಣೆಗೇ. ಉದ್ದನೆಯ ಹಲಗೆಗಳನ್ನು ತೆಗೆದಿದ್ದರು. ಗೋಡೆಗೆ ಹೊಸ ಸುಣ್ಣ ಹೊಡೆದಿದ್ದರು. ಒಂಬತ್ತು ಬೆನ್ನುಗಳು ಒರಗಿ ಒರಗಿ ನುಣುಪಾಗಿದ್ದ ಒಂಬತ್ತು ಗುರುತುಗಳು ಆ ಸುಣ್ಣದಡಿಯೂ ಮಸುಕಾಗಿ ಉಳಿದಿದ್ದವು. ಕಿಟಕಿ ಅದೇ. ಅದರ ಕೆಳಗೆ ಮೇಜು ಹಾಕಿಕೊಂಡು ದಪ್ಪ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ವಯಸ್ಸಿನಲ್ಲಿ ಮಗಳಾಗಬಹುದಾದವಳು, ಆದರೂ ಸೂಜಿಯಕ್ಕ ಕೈ ಮುಗಿದಳು. ಆ ಹೆಂಗಸು ಎದ್ದು ಕುರ್ಚಿ ತೋರಿಸಿದಳು. ಮೇಜಿನ ಮೇಲೆ ಎರಡು ಹಾಳೆಗಳಿದ್ದವು.

ನನ್ನದು ಒಂದೇ ಹಾಳೆಯಲ್ಲವೇ, ಐದೇ ಸಾಲು ಎಂದು ಸೂಜಿಯಕ್ಕ ಬಗ್ಗಿ ನೋಡಿದಳು. ಎರಡೂ ಹಾಳೆ ಮೇಲಿನಿಂದ ಕೆಳಗಿನವರೆಗೆ ಕಪ್ಪಾಗಿತ್ತು. ಸಿಗರೇಟಿನ ತೂತು, ಕೆನ್ನೆ, ಕಿಟಕಿ, ಜ್ವರದ ವರ್ಷ. ಕಣ್ಣು ತಾನಾಗಿ ಕೆಳಕ್ಕೆ ಓಡಿತು. ಹದಿನೇಳು.

"ಯಂತ್ರ ಬಣ್ಣ ನೋಡಲ್ಲಮ್ಮ," ಎಂದಳು ಕನ್ನಡಕದವಳು. "ಬಿಳಿ ಆದ್ರೂ ಕಪ್ಪಾದ್ರೂ ಅದಕ್ಕೆ ಒಂದೇ. ನಮಗೆ ಕಳಿಸುವಾಗ ಎಲ್ಲಾನೂ ಕಪ್ಪು ಮಾಡಿ ಕಳಿಸುತ್ತೆ."

ಸೂಜಿಯಕ್ಕನಿಗೆ ತಾನು ಉಟ್ಟ ಬಟ್ಟೆ ಒಳಗಿನ ಹೊಲಿಗೆಯೆಲ್ಲ ಹೊರಗೆ ಬಂದು ತಿರುವುಮುರುವಾದಂತೆ ಅನಿಸಿತು. ಚೀಲವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಹೀಗೆ ಬಿಳಿ ಅಕ್ಷರ ಬರೆದು ಕಳಿಸುವವರು ಬೇಕಾದಷ್ಟು ಜನ ಇದ್ದಾರೆ, ಎಲ್ಲರೂ ನಮ್ಮ ಜಾಹೀರಾತನ್ನೇ ನಮಗೆ ವಾಪಸ್ಸು ಕಳಿಸುತ್ತಾರೆ, ಅಂಥದ್ದನ್ನೆಲ್ಲ ನಾನು ಪಕ್ಕಕ್ಕೆ ಎತ್ತಿಡುತ್ತೇನೆ ಎಂದು ಕನ್ನಡಕದವಳು ಹೇಳುತ್ತಿದ್ದಳು. ನಿಮ್ಮದನ್ನೂ ಎತ್ತಿಡಬೇಕೆಂದೇ ಕೈಗೆ ತೆಗೆದುಕೊಂಡೆ ಎಂದಳು. ಅಲ್ಲಿಗೆ ನಿಲ್ಲಿಸಿ ಹಾಳೆಯ ಮೇಲೆ ಒಂದು ಬೆರಳಿಟ್ಟಳು.

"ಹದಿನೇಳನೇ ನಂಬರು ಈಗ ಎಲ್ಲಿದ್ದಾರೆ?"

"ಮನೇಲಿದ್ದಾರೆ, ಮೇಡಂ. ಅವರಿಗೆ ಇದೇನೂ ಗೊತ್ತಿಲ್ಲ." ಸೂಜಿಯಕ್ಕ ಕುರ್ಚಿಯಿಂದ ಅರ್ಧ ಎದ್ದಳು. "ಗಡಿಯಾರ ವಾಪಸ್ ತಗೊಳ್ತೀರಾ?"

"ಯಾವ ಗಡಿಯಾರ?"

ಸೂಜಿಯಕ್ಕ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. ಕನ್ನಡಕದವಳು ಕಾದು ನೋಡಿ, ಎದ್ದು ಹೋಗಿ ಕಪಾಟಿನಿಂದ ಹಳೆಯ ದಿಂಬಿನ ಹೊದಿಕೆಯೊಂದನ್ನು ತಂದಳು. ನಡುವೆ ಮೂರು ಮೂಲೆಯಾಗಿ ಹರಿದಿತ್ತು. ಇನ್ನೇನು ಒರೆಸುವ ಬಟ್ಟೆಯ ರಾಶಿಗೆ ಹೋಗಬೇಕಾದದ್ದು. ಸೂಜಿ, ಕತ್ತರಿ ಕೊಟ್ಟಳು. ನೂಲಿನ ಉಂಡೆಯನ್ನೂ ಕೊಟ್ಟಳು. ಉಂಡೆಯನ್ನು ಸೂಜಿಯಕ್ಕ ಮೇಜಿನ ಆಚೆಗೆ ಸರಿಸಿದಳು.

ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಅಂಚಿನ ಮಡಿಕೆಯಿಂದ ಎಳೆ ಬಿಡಿಸತೊಡಗಿದ ಮೇಲೆ ಕೋಣೆ ಅವಳಿಗೆ ಮರೆತೇಹೋಯಿತು. ಪಕ್ಕದಿಂದ ಹಬೆಯ ಸುಯ್ಯೆನ್ನುವ ಸದ್ದು ಬರುತ್ತಿತ್ತು. ಒಂದು ಮೇಲೆ, ಒಂದು ಕೆಳಗೆ. ಯಾರೋ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಂತೆ, ಯಾರೋ ತನ್ನ ಬಲಕ್ಕೆ ಗೋಡೆಗೊರಗಿ ಕಣ್ಣು ಮುಚ್ಚಿದ್ದಂತೆ ಅನಿಸುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಮುಗಿಸಿ, ಕಣ್ಣು ಮುಚ್ಚಿ, ಬಟ್ಟೆಯನ್ನು ಕೆನ್ನೆಗೆ ಆಡಿಸಿ ಕೊಟ್ಟಳು.

ಕನ್ನಡಕದವಳು ಅದನ್ನು ತಿರುವಿ ನೋಡಿದಳು, ಕನ್ನಡಕ ತೆಗೆದು ನೋಡಿದಳು. ಕೊನೆಗೆ ಅವಳೂ ಕೆನ್ನೆಗೆ ಒತ್ತಿಕೊಂಡು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಅಂಚನ್ನು ಮಡಿಸಿ ಮುಂದಕ್ಕೆ ಹಿಡಿದಳು.

"ನಂಬರು ಹಾಕಿಲ್ಲ."

ಸೂಜಿಯಕ್ಕ ಸೂಜಿ ತೆಗೆದುಕೊಂಡಳು. ಅಂಚಿನ ಮೇಲೆ ಅದು ತುಸು ಹೊತ್ತು ಸುಮ್ಮನೆ ನಿಂತಿತು. ಆಮೇಲೆ ಅವಳು ಬಿಳಿ ನೂಲಿನಲ್ಲಿ ಮೂವತ್ತೊಂದು ಎಂದು ಹೊಲಿದಳು. ಸೋಮವಾರದಿಂದ ಬನ್ನಿ ಎಂದು ಕನ್ನಡಕದವಳು ಹೇಳಿದ್ದು, ಮನೆಯ ವಿಷಯಕ್ಕೆ ಚೀಟಿ ಬರೆದು ಕೊಟ್ಟದ್ದು, ಆ ದಿಂಬಿನ ಹೊದಿಕೆಯನ್ನು ನೀವೇ ಇಟ್ಟುಕೊಳ್ಳಿ ಎಂದದ್ದು, ಎಲ್ಲ ಅವಳಿಗೆ ಹಬೆಯ ಆಚೆಯಿಂದ ಕೇಳಿಸಿದಂತಿತ್ತು. ಅಂಗಳ ದಾಟುವಾಗ ನಿಂತು ಚೀಟಿಯನ್ನು ಮತ್ತೊಮ್ಮೆ ಓದಿಕೊಂಡಳು.

ಮನೆಯಲ್ಲಿ ಅತ್ತೆ ಬಾಗಿಲ ಪಕ್ಕದ ಗೋಡೆಯ ತಗ್ಗಿಗೆ ಅಂಗೈ ಇಟ್ಟು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಮನೆ ಉಳಿಯಿತು, ಅತ್ತೆ ಎಂದಳು ಸೊಸೆ. ಮುದುಕಿ ತಲೆಯಾಡಿಸಿ, ಗೋಡೆಯನ್ನು ಎರಡು ಸಲ ಮೆಲ್ಲಗೆ ತಟ್ಟಿ, ಒಳಗೆ ಹೋಗಿ ಮಂಚದ ಮೇಲೆ ಕೂತಳು. ಮುಖ ಒರೆಸಿಕೊಳ್ಳಲು ಸೆರಗಿನ ತುದಿ ಹುಡುಕಿದಳು. ಸೊಸೆ ಕೈಗೆ ಸಿಕ್ಕ ದಿಂಬಿನ ಹೊದಿಕೆಯನ್ನೇ ಕೊಟ್ಟಳು.

ಅದು ಕೈಗೆ ಬಂದ ಮೇಲೆ ಮುದುಕಿ ಮುಖ ಒರೆಸಿಕೊಳ್ಳಲಿಲ್ಲ. ಮಡಿಲಲ್ಲಿ ಹರವಿಕೊಂಡು ಬೆರಳುಗಳನ್ನು ಓಡಿಸಿದಳು, ನೀರಿನ ಮೇಲೆ ಗಾಳಿ ಓಡುವಂತೆ. ಒಂದು ಸಲ ದಾಟಿಹೋದವು. ಎರಡನೆಯ ಸಲವೂ ದಾಟಿಹೋದವು. ಮೂರನೆಯ ಸಲ ನಡುವೆ ಒಂದು ಕಡೆ ನಿಂತವು.

"ಇಲ್ಲಿ," ಎಂದಳು.

ಕನ್ನಡಕದ ಕಣ್ಣಿಗೆ ಸಿಗದದ್ದು ಅದು, ಕೆನ್ನೆಗೂ ಸಿಗದದ್ದು. ಮುದುಕಿಯ ಬೆರಳು ಅಲ್ಲಿಂದ ಅಂಚಿಗೆ ಜಾರಿತು, ಮಡಿಕೆಯನ್ನು ತೆರೆಯಿತು, ಒಳಗಿನ ಹೊಲಿಗೆಯ ಉಬ್ಬಿನ ಮೇಲೆ ನಿಧಾನವಾಗಿ ನಡೆಯಿತು. ಮೂರು. ಅದರ ಪಕ್ಕದಲ್ಲಿ ಒಂದು. ಮತ್ತೆ ಮೊದಲಿನಿಂದ, ಮೂರು, ಒಂದು.

"ಹ್ಞೂಂ," ಎಂದಳು ಮುದುಕಿ. "ಈಗ ಸರಿಯಾಯ್ತು."

ಕೋಣೆಯಲ್ಲಿ ಗಡಿಯಾರದ ಸದ್ದೊಂದೇ ಕೇಳುತ್ತಿತ್ತು. ಅದು ಒಂದು ಹೆಜ್ಜೆ ಇಟ್ಟು, ಯೋಚಿಸಿ, ಇನ್ನೊಂದು ಹೆಜ್ಜೆ ಇಡುವ ಹಾಗಿತ್ತು.

"ಬೆಳಿಗ್ಗೆಯಿಂದ ನಿನ್ನ ಗಡಿಯಾರ ನಿಧಾನ ಆಗಿದೆ ಕಣೇ," ಎಂದಳು ಮುದುಕಿ. "ಕೀಲಿ ಕೊಡು."

ಸೊಸೆ ಈ ಸಲ ತಿದ್ದಲಿಲ್ಲ. ಸ್ಟೂಲು ಎಳೆದು ಹತ್ತಿದಳು. ಕೀಲಿ ತಿರುಗಿಸುವಾಗ ಅದು ಎರಡು ಸಲ ಜಾರಿತು. ಕೆಳಗೆ ಅತ್ತೆ ಎದ್ದು ಬಂದು, ಒಂದು ಕೈಯಿಂದ ಸ್ಟೂಲಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಬಿಳಿ ಬಟ್ಟೆ ಇತ್ತು. ಅದರ ಅಂಚಿನ ಮೇಲೆ ಹೆಬ್ಬೆರಳು ಇನ್ನೂ ಆಡುತ್ತಿತ್ತು.